ಮದ್ದು ಒದ್ದೆಯಾದ ಮಳೆಗಾಲ

ಹೋದ ವಾರ ಅವ್ವನಿಗೆ ಒಂದು ದೇವರ ಮಂಟಪ ಮಾಡಿಸಬೇಕೆಂದು ಹಳಿಯಾಳಕ್ಕೆ ಹೋಗಿದ್ದೆ. ಈರಣ್ಣನವರ ಬಡಿಗತನದ ಅಂಗಡಿಯೊಳಗೆ ಕಾಲಿಟ್ಟದ್ದೇ ತಡ, ಹಸಿ ಸಾಗವಾನಿ ಹೊಟ್ಟಿನ ವಾಸನೆ, ಅದರ ಜೊತೆ ವಾರ್ನಿಶ್ಶಿನದು, ಎರಡೂ ಕೂಡಿ ಮೂಗಿಗೆ ಬಡಿದವು. ನನಗೆ ಸಿಟ್ಟು ಬಂತು. ಖರೆ ಹೇಳುತ್ತೇನೆ, ಮಂದಿಗೆ ಇಂಥ ವಾಸನೆಯಿಂದ ಸಣ್ಣವರಿದ್ದಾಗಿನದು ನೆನಪಾಗುತ್ತದೆ, ಹಬ್ಬ ನೆನಪಾಗುತ್ತದೆ. ನನಗೆ ಮಹಾಂತೇಶನ ಮುಖ ನೆನಪಾಗುತ್ತದೆ. ಆ ಮಳೆಗಾಲ ಕಳೆದು ಮೂರು ವರ್ಷವಾಯಿತು. ಸಿಟ್ಟು ಮಾತ್ರ ಈಗಷ್ಟೇ ರುಬ್ಬಿದ ಖಾರದ ಹಾಗೆ ಹಸಿಯಾಗೇ ಇದೆ.

ಆಟ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಕೇಳಿದವರು ನಗುತ್ತಾರೆ, ನಗಲಿ. ನಾವು ನಾಲ್ಕು ಜನ, ನೌಕರಿ ವ್ಯಾಪಾರ ಇರುವ ದೊಡ್ಡ ಮಂದಿ, ಭಾನುವಾರ ಕೂಡಿ, ಮೇಜಿನ ಮೇಲೆ ಪುಟ್ಟ ಪುಟ್ಟ ಸೈನಿಕರನ್ನು ಹೂಡಿ ಹಳೆಗಾಲದ ಯುದ್ಧ ಆಡುತ್ತಿದ್ದೆವು. ಈ ಹುಚ್ಚು ಹಚ್ಚಿದವರು ಈರಣ್ಣ. ಯಾವುದೋ ದೇಶದವರು ಹೀಗೆ ಆಡುವುದನ್ನು ಮೊಬೈಲಿನಲ್ಲಿ ನೋಡಿ, ಅಂಗಡಿಯಲ್ಲಿ ಉಳಿದ ಸಾಗವಾನಿ ಚೂರುಗಳಲ್ಲಿ ಕಿರುಬೆರಳಿನಷ್ಟು ಎತ್ತರದ ಕುದುರೆ ಸವಾರರನ್ನು ಕೆತ್ತಿದರು. ಕೆತ್ತನೆ ಚೆಂದ ಬಂತು. ಬಣ್ಣಕ್ಕೆ ಕೂತರೆ ಮಾತ್ರ ಬಾಗಿಲಿಗೆ ಪೇಂಟು ಹೊಡೆದ ಹಾಗೆ ಹೊಡೆದುಬಿಡುತ್ತಿದ್ದರು. ಹೀಗಾಗಿ ಬಣ್ಣದ ಕೆಲಸ ನನ್ನ ಪಾಲಿಗೆ ಬಂತು. ಕುಂಚದ ಕೂದಲು ಕತ್ತರಿಸಿ ಎರಡು ಮೂರೇ ಉಳಿಸಿಕೊಂಡು ಒಬ್ಬೊಬ್ಬ ಸವಾರನಿಗೂ ಮೀಸೆ ಬರೆದೆ, ರುಮಾಲಿಗೆ ಅಂಚು ಬರೆದೆ. ಅವ್ವ ನೋಡಿ, "ಇಷ್ಟು ಕಣ್ಣು ಹರಿಸಿ ಒಂದು ಕಸೂತಿ ಸೀರಿ ಹಾಕಿದ್ದರ ಮದುವಿ ಮನ್ಯಾಗ ನಾಕು ಮಂದಿ ನೋಡತಿದ್ದರು," ಎನ್ನುತ್ತಿದ್ದಳು.

ನಮ್ಮಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿದ್ದವರು; ಧಾರವಾಡದ ಕಡೆಯಿಂದ ಬಂದು ಇಲ್ಲೇ ನಿಂತವರು. ನನಗೆ ಜೊಯಿಡಾದ ಕರೆಂಟ್ ಆಫೀಸಿನಲ್ಲಿ ನೌಕರಿ. ದಾಂಡೇಲಿಯಿಂದ ಬಸ್ಸಿಗೆ ಹೋಗಿ ಬರುತ್ತೇನೆ. ಕಾಡಿನೊಳಗೆ ಎಲ್ಲೆಲ್ಲಿ ತಂತಿ ಹರಿಯಿತು, ಎಲ್ಲಿ ಮರ ಬಿತ್ತು ಎಂದು ಹಳ್ಳಿಗಳಿಂದ ಫೋನು ಬರುತ್ತದೆ. ನಾನು ಕೇಳಿ, ಬರೆದುಕೊಂಡು, ಲೈನ್‌ಮನ್‌ಗಳನ್ನು ಅಟ್ಟಬೇಕು. ಅಲ್ಲೇ ಬಸ್‌ಸ್ಟ್ಯಾಂಡಿನ ಹಿಂದೆ ಗಜಾನನನ ಖಾನಾವಳಿ. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ, ನನಗಿಂತ ಸಣ್ಣವನು, ಅಕ್ಕಾ ಅಕ್ಕಾ ಎಂದು ಮಾತಾಡುವ ಹುಡುಗ. ಮಧ್ಯಾಹ್ನದ ಊಟಕ್ಕೆ ಹೋಗಿ ಹೋಗಿ ಅವನಿಗೂ ಈ ಆಟದ ಹುಚ್ಚು ಅಂಟಿಸಿದ್ದೆ.

ನಾಲ್ಕನೆಯವನು ಮಹಾಂತೇಶ. ಹಳಿಯಾಳದ ಕಾಲೇಜಿನಲ್ಲಿ ನಾನೂ ಅವನೂ ಕೂಡಿ ಬಿ.ಎ. ಮಾಡಿದವರು, ಇಬ್ಬರದೂ ಇತಿಹಾಸ. ಪರೀಕ್ಷೆಗೆ ನನ್ನ ಟಿಪ್ಪಣಿ ಓದಿ ನನಗಿಂತ ಹೆಚ್ಚು ಮಾರ್ಕು ತಗೊಂಡ ಭೂಪ. ಮುಂಡಗೋಡದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸುತ್ತಿನ ಹಳ್ಳಿಯವರು ಯಾರಿದ್ದರೂ ಮಳೆಗಾಲದ ಮೊದಲು ಅವನ ಅಂಗಡಿ ಕಟ್ಟೆ ಹತ್ತಲೇಬೇಕು. ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಅವನು ನಕ್ಕರೆ ಯಾಕೆ ಏನು ಎಂದು ಗೊತ್ತಿಲ್ಲದವರೂ ನಗುತ್ತಾರೆ. ಈ ಗುಣವನ್ನು ನಾನು ಆಗ ಬಹಳ ಮೆಚ್ಚುತ್ತಿದ್ದೆ. ಸುಡಲಿ.

ನಮ್ಮ ಮೇಜಿನ ಮೇಲೆ ಪೇಶ್ವೆಯ ಕುದುರೆ ದಂಡು ಒಂದು ಕಡೆ, ಮೈಸೂರಿನ ಬಂದೂಕಿನ ದಂಡು ಇನ್ನೊಂದು ಕಡೆ. ನಮ್ಮ ಸೀಮೆ ಒಮ್ಮೆ ಅವರ ಕುದುರೆ ಕಾಲಿಗೆ, ಒಮ್ಮೆ ಇವರ ಬಂದೂಕಿನ ಬಾಯಿಗೆ ಸಿಕ್ಕ ಸೀಮೆಯಲ್ಲವೇ, ಅದಕ್ಕೇ ಅದನ್ನು ಆರಿಸಿಕೊಂಡಿದ್ದೆವು. ಬಡಿಗರ ಟೇಪಿನಿಂದ ಅಳೆದು ಸೈನ್ಯ ನಡೆಸುವುದು, ದಾಳ ಉರುಳಿಸಿ ಯಾರು ಬಿದ್ದರು ಯಾರು ಉಳಿದರು ಎಂದು ತಿಳಿಯುವುದು, ಬಿದ್ದವರನ್ನು ಆ ಆಟದ ಮಟ್ಟಿಗೆ ಎದುರಾಳಿಯ ಪೆಟ್ಟಿಗೆಗೆ ಹಾಕುವುದು. ಈ ಆಟಕ್ಕೆ ಕುದುರೆ ಹಿಡಿದವರು ಮುಂದಿನ ಆಟಕ್ಕೆ ಬಂದೂಕು ಹಿಡಿಯಬೇಕು. ಇಬ್ಬರು ಆಡುವಾಗ ಉಳಿದಿಬ್ಬರು ಪಂಚರು.

ಇದಿಷ್ಟೇ ಆಗಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ಆ ವರ್ಷ ಜೂನಿನಲ್ಲಿ ಮಿರ್ಗದ ಮಳೆ ಹಿಡಿಯುತ್ತಲೇ ಈರಣ್ಣ ಒಂದು ಹೊಸ ಕಾಯಿದೆ ತಂದರು. ಆ ಕಾಲದ ಬಂದೂಕಿನ ಮದ್ದು ಮಳೆಗೆ ತೋಯ್ದರೆ ಹಾರುತ್ತಿರಲಿಲ್ಲ. ಆದ್ದರಿಂದ, ಹೊರಗೆ ಖರೆ ಮಳೆ ಬೀಳುತ್ತಿದ್ದರೆ ಮೇಜಿನ ಮೇಲೂ ಬಂದೂಕು ಹಾರುವಂತಿಲ್ಲ! ನಮಗೆಲ್ಲ ಬಲೇ ಖುಷಿಯಾಯಿತು. ಮಳೆ ಐತೋ ಇಲ್ಲೋ ಎಂದು ನೋಡುವವರು ಯಾರು ಎಂಬ ಪ್ರಶ್ನೆ ಬಂದಾಗ ಈರಣ್ಣ ಗಡ್ಡ ಕೆರೆದುಕೊಂಡು ಹೇಳಿದರು: "ಗುಂಡು ಯಾರ ಮ್ಯಾಲ ಬೀಳೂದೈತೋ ಅವರ ಎದ್ದು ಹೋಗಬೇಕು. ಬಾಗಲದಿಂದ ಕೈ ಹೊರಗ ಚಾಚಿ ನೋಡಿ ಬಂದು ಹೇಳಬೇಕು. ಸುಳ್ಳು ಹೇಳಿದರ ಯಾರಿಗೆ ಲಾಭ ಐತಿ, ಅವರ ಬಾಯಿಂದನ ಖರೆ ಬರಬೇಕು. ಅಂದ್ರ ನಾವು ದೋಸ್ತರು ಹೌದೋ ಅಲ್ಲೋ ತಿಳೀತೈತಿ."

ಮಂಜು ಮುಸುಕಿದಾಗ ಕಣ್ಣಿಗೆ ಮಳೆ ತಿಳಿಯುವುದಿಲ್ಲವೆಂದು ಕೈಯನ್ನೇ ಸಾಕ್ಷಿ ಮಾಡಿದ್ದು. ನಾಲ್ಕಾರು ಆಟ ಈರಣ್ಣನವರ ಅಂಗಡಿಯಲ್ಲಿ ಹಾಗೇ ನಡೆದವು. ಎಷ್ಟೋ ಸಲ ಗೆಲ್ಲುವ ಆಟದಲ್ಲಿ ಎದ್ದು ಹೋಗಿ, ಕೈ ಚಾಚಿ, ಒಣಗಿದ ಕೈ ತಂದು "ಮಳಿ ಇಲ್ಲ, ಹೊಡೀರಿ" ಎಂದು ನಾನೇ ನನ್ನ ದಂಡನ್ನು ಕೊಲ್ಲಿಸಿದ್ದೇನೆ. ಅದರಲ್ಲೂ ಒಂದು ಸುಖವಿತ್ತು.

ಆ ಭಾನುವಾರ ಆಟ ಮುಂಡಗೋಡದಲ್ಲಿ, ಮಹಾಂತೇಶನ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೋಣೆಗೆ ಹತ್ತಿದ ತೆರೆದ ಮಾಳಿಗೆ, ಸುತ್ತ ಪಾಳಾ ಊರಿನ ಕಡೆಗೆ ಹರಡಿದ ಬಯಲು ಗದ್ದೆ, ಹತ್ತಿರ ಒಂದು ಗಿಡವಿಲ್ಲ. ಮುಂಡಗೋಡದ ಮಳೆ ಎಂದರೆ ಜೊಯಿಡಾದ ಹಾಗೆ ಕೂತು ಊಟ ಮಾಡಿ ಹೋಗುವ ಮಳೆಯಲ್ಲ. ಅತ್ತಿವೇರಿ ಕಡೆಯಿಂದ ಒಂದು ಮೋಡ ಬಂತು, ಎರಡು ಹನಿ ಚೆಲ್ಲಿತು, ಹೋಯಿತು. ಅವತ್ತು ಕುದುರೆ ನನ್ನದು, ಬಂದೂಕು ಮಹಾಂತೇಶನದು. ಮೇಜಿನ ಮೇಲಿನ ಕಟ್ಟಿಗೆಯ ಗುಡ್ಡದ ಹಿಂದಿನಿಂದ ಸುತ್ತಿಸಿ ಸವಾರರನ್ನು ಅವನ ಬಂದೂಕಿನ ದಂಡಿನ ಬೆನ್ನಿಗೆ ತಂದು ನಿಲ್ಲಿಸಿದ್ದೆ. ಇನ್ನೊಂದು ಸರದಿ ಸಿಕ್ಕರೆ ಅವನ ಕತೆ ಮುಗಿಯಿತು. ಅವನಿಗೂ ಅದು ತಿಳಿಯಿತು. ಬಂದೂಕಿನ ಸಾಲನ್ನು ಗರಕ್ಕನೆ ತಿರುಗಿಸಿ "ಗುಂಡು!" ಎಂದು ಕೂಗಿದ.

ನಾನು ಎದ್ದು ಮಾಳಿಗೆಗೆ ಹೋಗಿ ಕೈ ಚಾಚಿದೆ. ಜಿಟಿಜಿಟಿ ಹನಿ ಬೀಳುತ್ತಿತ್ತು. ಬಹಳ ಸಣ್ಣದು, ಆದರೆ ಮಳೆಯೇ. ಮೊಣಕೈವರೆಗೂ ಕೂದಲ ತುದಿಗೆ ಹನಿ ನಿಂತವು. ನನ್ನ ಎದೆ ಹಿಗ್ಗಿತು. ಒಳಗೆ ಬರುತ್ತಲೇ "ಮಳಿ ಐತಿ!" ಎಂದೆ. ಎಂದವಳು, ಬಂದ ಕಾಲಲ್ಲೇ ಕೈಯನ್ನು ಹೆಗಲ ಮೇಲಿನ ಓಡಣಿಗೆ ಒರೆಸಿಕೊಂಡೆ. ಯಾಕೆ? ಬಣ್ಣ ಹಚ್ಚುವವಳ ರೂಢಿ. ತೋಯ್ದ ಕೈಯಲ್ಲಿ ಸೈನಿಕರನ್ನು ಮುಟ್ಟಿದರೆ ಬಣ್ಣ ಏಳುತ್ತದೆಂದು ಎಲ್ಲರಿಗೂ ಬೈದು ಬೈದು ನನ್ನ ಕೈ ತಾನೇ ಒರೆಸಿಕೊಳ್ಳುವುದನ್ನು ಕಲಿತಿತ್ತು. ಆ ಓಡಣಿಯೇ ನನ್ನ ಕುತ್ತಿಗೆಗೆ ಬಂತು ನೋಡ್ರಿ.

ಮಹಾಂತೇಶ ಕುರ್ಚಿ ಹಿಂದೆ ಸರಿಸಿ ಮಾಳಿಗೆಗೆ ಹೋದ. ಅಷ್ಟರಲ್ಲಿ ಮೋಡ ದಾಟಿತ್ತು. ಬೆಳಗಿನ ಬಿಸಿಲಿಗೆ ಕಾದಿದ್ದ ಮಾಳಿಗೆ ಆ ಸಣ್ಣ ಹನಿಗಳನ್ನು ಹೀರಿ ಕೂತಿತ್ತು. ಅವನು ಬಗ್ಗಿ, ಅಂಗೈಯಿಂದ ನೆಲ ಉಜ್ಜಿ, ಬಂದು ಅಂಗೈಯನ್ನು ಎಲ್ಲರ ಮುಖದೆದುರು ಹಿಡಿದ.

"ಎಲ್ಲೈತಿ ಮಳಿ? ತೋರ್ಸು."

"ಈಗ ನಿಂತೈತಿ. ನಾ ಹೋದಾಗ ಬೀಳಾಕತ್ತಿತ್ತು."

"ಹಂಗಾರ ಕೈ ತೋರ್ಸು."

ತೋರಿಸಿದೆ. ಏನಿದೆ ಅಲ್ಲಿ? ಒಣ ಕೈ.

ಅವನು ನಕ್ಕ. ಹೇಳಿದೆನಲ್ಲ, ಆ ನಗು. "ಅಲ್ಲ ಸುಜಾತಾ, ಸೋಲು ಬಂದಾಗಷ್ಟ ನಿನಗ ಮಳಿ ಬರ್ತೈತೇನ? ಸುಳ್ಳಮಳಿ ಬಿಡು ಇದು!"

ನಾನು ಈರಣ್ಣನ ಮುಖ ನೋಡಿದೆ. "ಇರಲಿ ಬಿಡ್ರಿ, ಆಟ ಅಲ್ಲೇನು," ಎಂದರು ಅವರು. ಗಜಾನನನನ್ನು ನೋಡಿದೆ. ಅವನು ಮಹಾಂತೇಶನ ಹೆಂಡತಿ ಕೊಟ್ಟ ಗಿರಮಿಟ್ಟಿನ ತಾಟಿನೊಳಗೆ ಏನೋ ಬಿದ್ದಿದೆಯೆಂಬಂತೆ ತಲೆ ಹಾಕಿ ಕೂತಿದ್ದ. ಸುಜಾತಾ ಸುಳ್ಳು ಹೇಳುವವಳಲ್ಲ ಎಂಬ ಒಂದು ಮಾತು. ಒಂದೇ ಒಂದು ಮಾತು. ಇಬ್ಬರ ಬಾಯಿಂದಲೂ ಬರಲಿಲ್ಲ. ಮಹಾಂತೇಶ ಗುಂಡು ಹಾರಿಸಿದ, ನನ್ನ ಸವಾರರು ಬಿದ್ದರು. "ಇನ್ನ ಮ್ಯಾಲ ಇಕಿಗೆ ಕೈ ಚಾಚಾಕ ಬಿಡಬ್ಯಾಡ್ರಿ," ಎನ್ನುತ್ತ ಬಿದ್ದವರನ್ನು ಆರಿಸಿ ತನ್ನ ಪೆಟ್ಟಿಗೆಗೆ ಹಾಕಿಕೊಂಡ. ನಾನು ಚಹಾ ಕೂಡ ಕುಡಿಯದೆ ಎದ್ದು ಬಂದೆ.

ಅಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆದರೆ ಅವನು ಆ ನಗೆಚಾಟಿಕೆಯನ್ನು ಅಂಗಡಿ ಕಟ್ಟೆಗೆ ತಂದ. ಗೊಬ್ಬರದ ಚೀಲ ಒಯ್ಯಲು ಬಂದವರಿಗೆಲ್ಲ ಪುಕ್ಕಟೆ ಹಂಚಿದ. "ನಮ್ಮ ಗೆಳತಿ ಒಬ್ಬಾಕಿ ಇದ್ದಾಳ, ಕರೆಂಟ್ ಆಫೀಸಿನಾಕಿ, ಒಣಾ ಆಕಾಶದಾಗ ಆಕಿಗೆ ಮಳಿ ಕಾಣತೈತಿ," ಎನ್ನುತ್ತಿದ್ದನಂತೆ. ಹೆಸರೇ ಬಿತ್ತು: ಸುಳ್ಳಮಳಿ. ಪಾಳಾದಲ್ಲಿ ನಮ್ಮ ಬಳಗದ ಒಂದು ನಿಶ್ಚಯಕ್ಕೆ ಅವ್ವ ಹೋಗಿದ್ದಳು. ಅಲ್ಲಿ ಯಾರೋ ಹೆಣ್ಣುಮಗಳು, ಪರಿಚಯ ಮಾಡಿಕೊಳ್ಳುವ ಹುರುಪಿನಲ್ಲಿ, "ನೀವು ಸುಳ್ಳಮಳಿ ಮೇಡಮ್ಮಾರ ತಾಯಿ ಏನ್ರಿ?" ಎಂದು ಕೇಳಿದಳಂತೆ. ಅವ್ವ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿ ಬಂದಳು. ಬಂದವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಅದಕ್ಕಿಂತ ಕೆಟ್ಟದ್ದು ಆಫೀಸಿನಲ್ಲಿ ಆಯಿತು. ನಮ್ಮ ಲೈನ್‌ಮನ್ ಒಬ್ಬನಿಗೆ ಮುಂಡಗೋಡದಲ್ಲಿ ಅತ್ತೆಮನೆ. ಹೆಸರು ಅಲ್ಲಿಂದ ಅವನ ಕಿಸೆಯಲ್ಲಿ ಕೂತು ಜೊಯಿಡಾಕ್ಕೆ ಬಂತು. ಒಂದು ದಿನ ಅವನು ಊರ ಹೊರಗೆ ಕಂಬ ಹತ್ತಿದ್ದ. ಮೇಲಿನ ಹಳ್ಳಿಯಿಂದ ಫೋನು ಬಂತು: ಗಾಳಿ ಮಳೆ ಜೋರಾಗಿ ನಿಮ್ಮ ಕಡೆಗೇ ಬರುತ್ತಿದೆ. ನಾನು ಕೂಡಲೇ ಅವನ ಜೊತೆಗಿದ್ದವನಿಗೆ ಫೋನು ಹಚ್ಚಿ, "ಮಳಿ ಬರಾಕತ್ತೈತಿ, ಅವನ್ನ ಇಳಸ್ರಿ," ಎಂದೆ. ಆ ಕಡೆಯಿಂದ ನಗು ಕೇಳಿಸಿತು. ಮೇಲಿದ್ದವನು ಅಲ್ಲಿಂದಲೇ ಕೂಗಿ ಕೇಳುತ್ತಿದ್ದ: "ಮೇಡಮ್ಮಾರ ಮಳೀನೋ, ಖರೇ ಮಳೀನೋ ಕೇಳೋ!"

ಇಳಿದ, ಆಮೇಲೆ ಇಳಿದ. ಸಾವಕಾಶ ಬೀಡಿ ಸೇದುವವರ ಹಾಗೆ ಕೆಲಸ ಮುಗಿಸಿ, ಗಾಳಿ ಬಂದು ಕಂಬ ಅಲ್ಲಾಡಿದ ಮೇಲೆ ಇಳಿದ. ಏನೂ ಆಗಲಿಲ್ಲ, ತೊಯ್ದು ತೊಪ್ಪೆಯಾಗಿ ಬಂದ, ನಕ್ಕ. ನಾನು ನಗಲಿಲ್ಲ. ನನ್ನ ನೌಕರಿಯೇ ನನ್ನ ಮಾತು. ಮಳೆ ಬಂತು ಎಂದರೆ ಬಂತು, ಲೈನು ಸತ್ತಿದೆ ಎಂದರೆ ಸತ್ತಿದೆ. ಅದನ್ನು ನಂಬಿ ಮಂದಿ ತಂತಿಗೆ ಕೈ ಹಾಕುತ್ತಾರೆ. ಒಬ್ಬ ಗೊಬ್ಬರದ ವ್ಯಾಪಾರಿ ಒಂದು ಆಟ ಸೋಲಬಾರದೆಂದು ಆ ಮಾತನ್ನೇ ಕೆಡಿಸಿ ಇಟ್ಟಿದ್ದ. ಅವತ್ತು ನಿರ್ಧರಿಸಿದೆ: ಇವನನ್ನು ಬಿಡಬಾರದು. ಅವನ ಬಾಯಿಂದಲೇ, ಅದೇ ಇಬ್ಬರು ಪಂಚರ ಎದುರು, ಅವತ್ತು ಮಳೆ ಬಂದಿತ್ತು ಎನ್ನಿಸಬೇಕು. ಅಷ್ಟಲ್ಲದೆ, ನಾನು ಹೇಗೆ ನಿಂತಿದ್ದೆನೋ ಹಾಗೇ ಅವನು ನಿಲ್ಲಬೇಕು, ಖರೆ ಹೇಳಿ, ಸುಳ್ಳುಗಾರ ಎನ್ನಿಸಿಕೊಂಡು.

ಆಷಾಢ ಕಳೆಯುವವರೆಗೂ ನಾನು ಆಟಕ್ಕೆ ಹೋಗಲಿಲ್ಲ. ಈರಣ್ಣ ಎರಡು ಸಲ ಫೋನು ಮಾಡಿದರು, ಎತ್ತಲಿಲ್ಲ. ದಿನಾ ಮಧ್ಯಾಹ್ನ ಗಜಾನನನ ಖಾನಾವಳಿಯಲ್ಲಿ ಕೂತು ಚಪಾತಿ ಉಸಳಿ ತಿನ್ನುತ್ತ ಮಹಾಂತೇಶನನ್ನು ಹೇಗೆ ಹಣಿಯಲಿ ಎಂದು ಯೋಚಿಸುವುದೇ ಕೆಲಸ. ಅನ್ನ ರುಚಿಸುತ್ತಿರಲಿಲ್ಲ, ಈ ಯೋಚನೆ ಮಾತ್ರ ರುಚಿಸುತ್ತಿತ್ತು.

ಹಾಗೆ ಕೂತಾಗಲೇ ಒಂದು ದಿನ ದಾರಿ ಸಿಕ್ಕಿತು. ಖಾನಾವಳಿಯ ಹಿಂದೆ ಗಜಾನನನ ಮನೆಯ ಪಡಸಾಲೆ, ತಗಡಿನ ಮಾಡು. ಮಗ್ಗುಲ ಬಾಗಿಲಿಗೆ ಒತ್ತಿ ಎರಡು ಮುದಿ ಹಲಸಿನ ಮರ. ಊಟವಾದ ಮೇಲೆ ತೊಳೆಯಲು ಆ ಬಾಗಿಲಿಂದ ಕೈ ಹೊರಗೆ ಚಾಚಿದೆ, ಹನಿ ಬಿತ್ತು. ತಗಡಿನ ಮೇಲೂ ಪಟಪಟ ಸಪ್ಪಳ. ಛತ್ರಿ ಬಿಚ್ಚಿಕೊಂಡು ರಸ್ತೆಗೆ ಬಂದರೆ ಛತ್ರಿ ಹಿಡಿದವಳು ನಾನೊಬ್ಬಳೇ! ಮಳೆ ಯಾವಾಗಲೋ ನಿಂತಿತ್ತು. ಎಲೆ ಎಲೆಯಲ್ಲೂ ಹಿಡಿದಿಟ್ಟ ನೀರನ್ನು ಮರಗಳು ಸಾವಕಾಶ ಇಳಿಸುತ್ತಿದ್ದವು. ಜೊಯಿಡಾದಲ್ಲಿ ಮಳೆ ನಿಂತ ಮೇಲೂ ಗಿಡದ ಕೆಳಗೆ ಬಹಳ ಹೊತ್ತು ಮಳೆ ಇರುತ್ತದೆ. ಇಲ್ಲಿ ಇರುವವರಿಗೆ ಅದು ಮಾತಾಡುವ ವಿಷಯವೂ ಅಲ್ಲ. ಬಯಲಲ್ಲಿ ಹುಟ್ಟಿ ಬೆಳೆದ ಮಹಾಂತೇಶನಿಗೆ? ರಸ್ತೆಯ ನಡುವೆ ನಿಂತು ನಾನು ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದೆ.

ಆಮೇಲಿಂದ ದಿನಾ ಆ ಪಡಸಾಲೆಯಲ್ಲಿ ಕೂತು ಕಿವಿ ಪಳಗಿಸಿದೆ. ಖರೆ ಮಳೆಯ ಸಪ್ಪಳ ಒಂದೇ ಸಮ ಬರುತ್ತದೆ. ಗಿಡದ ನೀರು ದೊಡ್ಡ ದೊಡ್ಡ ಹನಿ, ಗಾಳಿ ಬಂದಾಗ ಒಮ್ಮೆಲೆ ಸುರಿದು ಮತ್ತೆ ಸಡಿಲಾಗುತ್ತದೆ. ಮಳೆ ನಿಂತ ಗುರುತು ಇನ್ನೊಂದಿತ್ತು. ಗಜಾನನನ ಕೋಳಿಗಳು ಅಂಗಳದಲ್ಲಿ ನಿಲ್ಲಿಸಿದ ಗಾಡಿಯ ಕೆಳಗಿನಿಂದ ಹೊರಬಿದ್ದು ಕೆದರಲು ಶುರು ಮಾಡುತ್ತಿದ್ದವು.

ಶ್ರಾವಣ ಹಿಡಿಯಿತು. ಅಭಿಮಾನ ನುಂಗಿಕೊಂಡು ನಾನೇ ಮಹಾಂತೇಶನಿಗೆ ಫೋನು ಮಾಡಿದೆ. "ಬಾಕಿ ಆಟ ಆಡೂಣು. ಜೊಯಿಡಾಕ ಬಾ, ಗಜಾನನನ ಮನ್ಯಾಗ."

"ಬರ್ತೇನಿ. ಆದ್ರ ಕೈ ಚಾಚೂದು ನಿನಗ ಕೊಡಂಗಿಲ್ಲ ಮತ್ತ!" ಎಂದು ನಕ್ಕ.

"ಬ್ಯಾಡ. ಈ ಸಲ ಬಂದೂಕು ನನ್ನ ಪಾಳಿ, ಕುದುರಿ ನಿಂದು. ಕೈ ಚಾಚಾಂವ ನೀನ."

"ಹೌದಲ್ಲ! ಹಂಗಾರ ಚಿಂತಿಲ್ಲ."

ಭಾನುವಾರ ಹಳಿಯಾಳದಲ್ಲಿ ಈರಣ್ಣನನ್ನು ಕಾರಿಗೆ ಹತ್ತಿಸಿಕೊಂಡು ಬಂದ. ಮಳೆ ಕೊಡ ಬೋರಲು ಹಾಕಿದ ಹಾಗೆ ಸುರಿಯುತ್ತಿತ್ತು. ಒಳಗೆ ಬಂದವನು ತಲೆ ಒರೆಸಿಕೊಳ್ಳುತ್ತ, "ಇವತ್ತ ನಿನ್ನ ಬಂದೂಕಿನ ದಂಡು ಕಟ್ಟಿಗಿ ಹಿಡಕೊಂಡು ನಿಲ್ಲೂದ ಸೈ," ಎಂದ. ಹೌದು, ಹಾಗೇ ಕಾಣುತ್ತಿತ್ತು. ಮಳೆ ಇರುವಷ್ಟು ಹೊತ್ತು ನನ್ನ ಬಂದೂಕುಗಳು ಬರೀ ಕೋಲು. ಅವನ ಕುದುರೆಗಳು ಕೆಸರಿನಲ್ಲಿ ನಿಧಾನ ನಡೆದರೂ ನಡೆದು ಬರುತ್ತಿದ್ದವು. ಬಲಗಡೆಯ ನನ್ನ ಸಾಲನ್ನು ಅವು ತುಳಿದು ಹಾಕಿದವು. ನಾನು ನಡುವಿನ ಸಾಲನ್ನು ಹಿಂದೆ ಹಿಂದೆ ಎಳೆದುಕೊಳ್ಳುತ್ತ, ಕಿವಿಯನ್ನು ಮಾಡಿಗೆ ಕೊಟ್ಟು ಕೂತೆ.

"ಸುಜಾತಕ್ಕಾ, ಒಮ್ಮೆನೂ ಗುಂಡು ಅನ್ನವಲ್ಲಿ?" ಎಂದ ಗಜಾನನ.

"ಅವಸರ ಏನೈತೋ. ಬರಲಿ, ಇನ್ನೂ ಹತ್ರ ಬರಲಿ."

ಈ ಒಂದು ಮಾತಿಗೆ ಮಹಾಂತೇಶನಿಗೆ ಇನ್ನಷ್ಟು ಉಮೇದಿ ಬಂತು. ಇದ್ದಬದ್ದ ಸವಾರರನ್ನೆಲ್ಲ ಒಟ್ಟುಮಾಡಿ ನನ್ನ ನಡುವಿನ ಸಾಲಿಗೆ ಎದುರಾಗಿ ತಂದು ನಿಲ್ಲಿಸಿದ. ಇನ್ನೊಂದು ಸರದಿಗೆ ನಾನು ಮುಗಿದಂತೆ. ಮಳೆಯಾದರೋ ನಿಲ್ಲುತ್ತಲೇ ಇಲ್ಲ. ಒಳಗೊಳಗೇ ಎಲ್ಲ ದೇವರಿಗೂ ಕೈ ಮುಗಿದೆ. ನನಗೆ ಗೆಲುವು ಬೇಡ ಶಿವನೇ, ಇವನು ಒಮ್ಮೆ ಆ ಬಾಗಿಲಿಂದ ಕೈ ಚಾಚಲಿ ಸಾಕು.

ಮಾಡಿನ ಸಪ್ಪಳ ಒಂದು ಕ್ಷಣ ಸಡಿಲಾಯಿತು. ಗಾಳಿ ಬಂತು, ಬಳಬಳ ಸುರಿಯಿತು, ಮತ್ತೆ ಸಡಿಲಾಯಿತು. ಅಡುಗೆ ಮನೆಯ ಕಿಟಕಿಯಿಂದ ಅಂಗಳದ ಒಂದು ತುಣುಕು ಕಾಣುತ್ತಿತ್ತು. ಕೋಳಿಯೊಂದು ಗಾಡಿಯ ಕೆಳಗಿನಿಂದ ಹೊರಬಂದು ಮೈ ಜಾಡಿಸಿತು. ಹಿಂದೆ ಇನ್ನೊಂದು.

"ಗುಂಡು!" ಎಂದೆ.

ಮಹಾಂತೇಶ ಮಾಡಿನ ಕಡೆ ಬೆರಳು ತೋರಿಸಿ, "ಕಿವಿ ಕೇಳಸಂಗಿಲ್ಲೇನು?" ಎಂದ.

"ಕಾಯಿದೆ ಕಾಯಿದೇನ. ಕೈ ಚಾಚಿ ಬಾ."

ನಗುತ್ತಲೇ ಎದ್ದ. ಮಗ್ಗುಲ ಬಾಗಿಲು ತೆರೆದು, ಹಲಸಿನ ಮರಗಳ ಕೆಳಗೆ ಬಲಗೈ ಚಾಚಿ ನಿಂತ. ನಾನು ನೋಡುತ್ತಿದ್ದಂತೆಯೇ ದಪ್ಪ ಹನಿಗಳು ಅವನ ಅಂಗೈಗೆ, ಮುಂಗೈಗೆ ಬಿದ್ದವು. ಅವನು ಒಳಗೆ ತಿರುಗಿ ಊರಿಗೆಲ್ಲ ಕೇಳುವಂತೆ ಕೂಗಿದ: "ಮಳಿ ಐತಿ!"

ಬಾಣಲೆಗೆ ಬಿದ್ದ ಸಾಸಿವೆಯಂತೆ ನನ್ನ ಎದೆ ಚಟಪಟ ಎಂದಿತು. ನಾನು ಎದ್ದು ಮುಂಬಾಗಿಲು ತೆರೆದೆ. "ಎಲ್ಲಾರೂ ಬರ್ರಿ ಹೊರಗ," ಎಂದು ಸೀದಾ ರಸ್ತೆಗೆ ನಡೆದೆ. ಈರಣ್ಣ ಬಂದರು, ಗಜಾನನ ಬಂದ, ಕೊನೆಗೆ ತೋಯ್ದ ಕೈ ಹಾಗೇ ಹಿಡಿದುಕೊಂಡು ಮಹಾಂತೇಶ. ರಸ್ತೆಯ ಮೇಲೆ ಮೋಡ ಹರಿದು ತೆಳು ಬಿಸಿಲು ಬಿದ್ದಿತ್ತು. ಗುಂಡಿಯಲ್ಲಿ ನಿಂತ ನೀರಿನ ಮೇಲೆ ಒಂದು ಹನಿಯ ಉಂಗುರವಿಲ್ಲ.

"ಎಲ್ಲೈತಿ ಮಳಿ?" ಎಂದು ಕೇಳಿದೆ.

ಅವನು ಆಕಾಶ ನೋಡಿದ. ತನ್ನ ಕೈ ನೋಡಿದ. "ಕೈ ಹಸಿ ಐತ್ರಿ, ನೋಡ್ರಿ ಈರಣ್ಣಾರ! ನಾ ಖರೇನ..."

"ಕೈ ಹಸಿ ಐತಿ," ಎಂದರು ಈರಣ್ಣ ಮೆಲ್ಲಗೆ. "ಮಳಿ ಇಲ್ಲಲ್ಲೋ ತಮ್ಮಾ."

ಅವನ ಮುಖ ಕೆಂಪಾಯಿತು. ಹಿಂದೆ ತಿರುಗಿ ಮರ ನೋಡಿದ, ಮಾಡು ನೋಡಿದ. 'ಮೂರ್ಖನಲ್ಲ, ತಿಳಿಯುತ್ತದೆ ಅವನಿಗೆ' ಎಂದುಕೊಂಡೆ. ತಿಳಿಯಿತು. "ಗಿಡದ ನೀರು ಇದು! ಗಿಡದಿಂದ ಬಿದ್ದೈತಿ. ಗಜಾನನ, ನಿನ್ನ ಮನಿ, ನೀ ಹೇಳೋ."

ಗಜಾನನನಿಗೆ ಗೊತ್ತಿಲ್ಲದೇ ಏನು! ಆ ಮರಗಳ ಕೆಳಗೇ ಹುಟ್ಟಿದವನು. ಬಾಯಿ ತೆರೆದ. ನಾನು ಅವನ ಕಡೆ ನೋಡಿದೆ, ಬರೀ ನೋಡಿದೆ. ಮುಂಡಗೋಡದ ಗಿರಮಿಟ್ಟಿನ ತಾಟು ಅವನಿಗೆ ನೆನಪಾಗಿರಬೇಕು. "ನಾ ಚಾ ಇಡಾಕ ಒಳಗ ಹೋಗಿದ್ದೆ. ನಂಗೇನ್ ಗೊತ್ತು," ಎಂದು ಹೆಬ್ಬೆರಳಿಂದ ನೆಲ ಕೆರೆದ.

ಮಹಾಂತೇಶ ನನ್ನತ್ತ ತಿರುಗಿದ. ಅವನು ನಗದೆ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ಸುಜಾತಾ, ನೀ ದಿನಾ ಇಲ್ಲೇ ಇರ್ತಿ. ನಿನಗ ಗೊತ್ತಿರತೈತಿ. ನಾ ಸುಳ್ಳು ಹೇಳಿಲ್ಲಂತ ನೀನರ ಹೇಳು."

"ನಾ ಹೇಳಿದರ ಯಾರು ನಂಬತಾರ? ಮಳಿ ವಿಷಯದಾಗ ನನ್ನ ಮಾತು ಹೆಂಗಂತ ಇಡೀ ಮುಂಡಗೋಡಕ್ಕ ಸಾರಿ ಬಂದಿ. ನಮ್ಮ ಅವ್ವ ಪಾಳಾದಾಗ ಉಣ್ಣದ ಎದ್ದು ಬಂದಳು. ಕಂಬದ ಮ್ಯಾಲಿನವರು ನನ್ನ ಮಾತಿಗೆ ನಕ್ಕಾರ, ಕೆಳಗ ಇಳಿಯದ ನಕ್ಕಾರ. ಗೊತ್ತೈತೇನು ನಿನಗ? ನಾ ಸುಳ್ಳುಗಾರ್ತಿ. ನನ್ನ ಸಾಕ್ಷಿ ತಗೊಂಡು ಏನ್ ಮಾಡ್ತಿ?"

ಕಂಬದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಈರಣ್ಣ ಗಂಟಲು ಸರಿಮಾಡಿಕೊಂಡು, "ಮಹಾಂತೇಶಾ, ಆಕಿ ಮಾತು ನಿನಗ ಬೇಕಂದ್ರ, ಆಕಿ ಮಾತು ಖರೆ ಅಂತ ಮೊದಲ ನೀ ಅನ್ನಬೇಕಾಗತೈತಿ ನೋಡು," ಎಂದರು. ಆಮೇಲೆ ನನ್ನ ಕಡೆ ನೋಡದೆ, "ನಾವು ಅವತ್ತ ಅನ್ನಬೇಕಾಗಿತ್ತು. ಅನಲಿಲ್ಲ," ಎಂದೂ ಸೇರಿಸಿದರು.

ಮಹಾಂತೇಶ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಕೈಯ ನೀರು ಒಣಗುತ್ತ ಬಂದಿತ್ತು. ಕೊನೆಗೆ ಹೇಳಿದ, ಆ ದೊಡ್ಡ ದನಿಯಲ್ಲಲ್ಲ, ಆದರೆ ಇಬ್ಬರಿಗೂ ಕೇಳುವಷ್ಟು: "ಅವತ್ತ ಮಳಿ ಬಂದಿತ್ತು. ನೀ ಸುಳ್ಳು ಹೇಳಿರಲಿಲ್ಲ. ನನಗ ಸೋಲಾಕ ಮನಸಿರಲಿಲ್ಲ, ಅದಕ್ಕ ಹಂಗಂದೆ. ಅಂಗಡ್ಯಾಗ ನಾ ಏನೇನು ಹೇಳೇನಿ, ಅದನ್ನೂ ತಿದ್ದತೇನಿ. ಸಾಕಾ?"

ಇಷ್ಟಕ್ಕೇ ಅಲ್ಲವೇ ನಾನು ಇಡೀ ಮಳೆಗಾಲ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ತಿರುಗಿದ್ದು. ಸಿಕ್ಕಿತು.

"ಈಗ ನೀ ಹೇಳವ್ವಾ," ಎಂದರು ಈರಣ್ಣ. "ಅವನ ಕೈಗೆ ಬಿದ್ದಿದ್ದು ಗಿಡದ ನೀರೇನು?"

ಮೂವರೂ ನನ್ನ ಬಾಯಿ ನೋಡುತ್ತ ನಿಂತಿದ್ದರು. ಒಂದು ಮಾತು ಹೇಳಿದರೆ ಅವನು ಬಿಡುಗಡೆ. ನಾನು ಸಾವಕಾಶ ಆಕಾಶ ನೋಡಿದೆ, ಹಲಸಿನ ಮರ ನೋಡಿದೆ, ಅವನನ್ನು ನೋಡಿದೆ.

"ಇರಬಹುದು," ಎಂದೆ.

ಎಂದು ಒಳಗೆ ಹೋಗಿ ಮೇಜಿನ ಮುಂದೆ ಕೂತೆ. ಮಳೆ ಇರಲಿಲ್ಲ, ಮದ್ದು ಒಣಗಿತ್ತು. ನನ್ನ ಬಂದೂಕಿನ ಸಾಲು ಅಷ್ಟು ಹತ್ತಿರದಿಂದ ಹಾರಿಸಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ದಾಳ ಉರುಳಿದಂತೆಲ್ಲ ಅವನ ಸವಾರರು ಒಬ್ಬೊಬ್ಬರಾಗಿ ಮಗುಚಿದರು. ನಾನೇ ಮೀಸೆ ಬರೆದ ಸವಾರರು. ಒಬ್ಬನ ಮೇಲೂ ಕನಿಕರ ಬರಲಿಲ್ಲ. ಮಹಾಂತೇಶ ತಕರಾರು ಮಾಡಲಿಲ್ಲ. ಬಿದ್ದ ಕುದುರೆಗಳನ್ನು ತಾನೇ ಆರಿಸಿ, ಕಾಲು ಮುರಿಯದ ಹಾಗೆ ಜೋಪಾನ ಹಿಡಿದು, ಕಾಯಿದೆಯ ಪ್ರಕಾರ ನನ್ನ ಪೆಟ್ಟಿಗೆಯೊಳಗೆ ಇಡುತ್ತ ಬಂದ. ಕೊನೆಯ ಕುದುರೆ ಇಟ್ಟು ಮುಖ ಎತ್ತಿದ.

"ಈಗರ ಸಮಾಧಾನ ಆತಿಲ್ಲೋ?" ಎಂದು ಕೇಳಿದ.

ನಾನು ಒಳಗೆ ಹುಡುಕಿ ನೋಡಿದೆ. ಖರೆ ಹೇಳಬೇಕಲ್ಲ, ಕೇಳಿದವರಿಗೆ.

"ಇಲ್ಲ," ಎಂದೆ. "ಇನ್ನೊಂದು ಆಟ ಹೂಡು."